ಲಾಂಚ್‌ಗೆ ಸಿಕ್ಕಿದ್ದು ಹನ್ನೆರಡು ಸೆಕೆಂಡು

2025ರ ಜುಲೈ 14ರಂದು ನಮ್ಮ ಪರದೆ ಎರಡು ಭಾಗವಾಗಿತ್ತು. ಒಂದು ಕಡೆ ಸಾಗರ ತಾಲೂಕಿನ ಸಿಗಂದೂರು ಸೇತುವೆ, ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರಿಂದ ಉದ್ಘಾಟನೆ. ಇನ್ನೊಂದು ಕಡೆ ನಮ್ಮ ವಿಜಯಪುರ ಜಿಲ್ಲೆಯ ಇಂಡಿ, ಅಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ. ಯಾರನ್ನ ಕರೆದರು, ಯಾರನ್ನ ಕೇಳಲಿಲ್ಲ ಅಂತ ಇಡೀ ದಿನ ಚರ್ಚೆ ಮಾಡಿದೆವು. ಇಷ್ಟು ವರ್ಷ ಜನರನ್ನು ದಾಟಿಸಿದ ಲಾಂಚ್‌ಗೆ ನನ್ನ ಕಾರ್ಯಕ್ರಮದಲ್ಲಿ ಸಿಕ್ಕಿದ್ದು ಹನ್ನೆರಡು ಸೆಕೆಂಡು. ಆ ಬಾಕಿ ಇವತ್ತು ತೀರಿಸ್ತೀನಿ.

1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂತು. ಊರು, ಗದ್ದೆ, ತೋಟ ಮುಳುಗಿದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ನೀರೊಳಗೆ ಹೋಯಿತು. ಎದ್ದು ಹೋದ ಕುಟುಂಬಗಳು ಭೂಮಿಯ ಹಕ್ಕುಪತ್ರಕ್ಕೆ ಇವತ್ತಿಗೂ ಅಲೆಯುತ್ತಿವೆ. ಆಚೆ ದಡದಲ್ಲೇ ಉಳಿದ ತುಮರಿ, ಬ್ಯಾಕೋಡು ಕಡೆಯ ಜನರಿಗೆ ತಾಲೂಕು ಕೇಂದ್ರ ಹೊಳೆಯಾಚೆ ಆಯಿತು. ಜನ ಇದನ್ನು ದ್ವೀಪ ಅಂತಾರೆ. ನಕ್ಷೆ ನೋಡಿದರೆ ಪೂರ್ತಿ ದ್ವೀಪ ಅಲ್ಲ, ಒಂದು ಕಡೆ ಘಟ್ಟದ ಕಾಡಿದೆ. ಆದರೆ ಕಾಡಿನ ಸುತ್ತುದಾರಿ ಹಿಡಿದು ಆಸ್ಪತ್ರೆಗೆ ಹೊರಟವರ ಹತ್ತಿರ ಈ ವ್ಯತ್ಯಾಸ ಹೇಳಿ ನೋಡಿ!

ಶರಾವತಿ ವಿದ್ಯುದಾಗಾರ ಅಂದರೆ 10 ಘಟಕ, 1035 ಮೆಗಾವ್ಯಾಟ್. ಎಂಜಿನಿಯರಿಂಗ್ ಓದಿದ ನನಗೆ ಈ ಅಂಕಿ ಬಾಯಿಪಾಠ. ಲಾಂಚ್ ಅನ್ನೋ ಪದ ಮಾತ್ರ ನಮ್ಮ ಯಾವ ಪುಸ್ತಕದಲ್ಲೂ ಇರಲಿಲ್ಲ.

ಈ ಕಡೆ ಅಂಬಾರಗೋಡ್ಲು, ಆ ಕಡೆ ಕಳಸವಳ್ಳಿ. ಜನ ಕರೆಯೋದು ಹೊಳೆಬಾಗಿಲು ಅಂತ. ಒಳನಾಡು ಜಲಸಾರಿಗೆ ಇಲಾಖೆಯ ಲಾಂಚ್ ಅಂದರೆ ಚಪ್ಪಟೆ ಕಬ್ಬಿಣದ ಅಂಗಳ ಇದ್ದ ಹಾಗೆ. ದಡಕ್ಕೆ ಬಂದು ಮುಂದಿನ ಹಲಗೆ ಇಳಿಸಿದರೆ ಬಸ್ಸು, ಕಾರು, ಬೈಕು ಏರಬೇಕು, ಉಳಿದ ಜಾಗದಲ್ಲಿ ಜನ. ಶಾಲೆ ಮಕ್ಕಳು, ಅಡಿಕೆ ಮೂಟೆ, ದಿಬ್ಬಣ, ಸಿಗಂದೂರು ಚೌಡೇಶ್ವರಿಯ ಭಕ್ತರು, ಎಲ್ಲಾ ಒಂದೇ ಅಂಗಳದಲ್ಲಿ. ಭಾರ ಒಂದೇ ಕಡೆ ಬೀಳದ ಹಾಗೆ ಗಾಡಿ ನಿಲ್ಲಿಸೋದು ಸಿಬ್ಬಂದಿಯ ಲೆಕ್ಕ. ನಾವು ಇದನ್ನೇ ತರಗತಿಯಲ್ಲಿ ಗುರುತ್ವಕೇಂದ್ರ ಅಂತ ಬರೆದು ಅಂಕ ತಗೊಂಡಿದ್ದು.

ಬೇಸಿಗೆಯಲ್ಲಿ ಕಷ್ಟ ಬೇರೆ. ವಿದ್ಯುತ್ತಿಗೆ ನೀರು ಬಿಟ್ಟ ಹಾಗೆ ಹೊಳೆ ಹಿಂದೆ ಸರಿಯುತ್ತೆ, ದಡ ಕೆಸರಾಗುತ್ತೆ, ಲಾಂಚ್ ನಿಲ್ಲೋ ಜಾಗವೇ ಬದಲಾಗುತ್ತೆ. 2023ರ ಜೂನ್‌ನಲ್ಲಿ ನೀರು ಎಷ್ಟು ಇಳಿಯಿತು ಅಂದರೆ ವಾಹನ ಹತ್ತಿಸೋದನ್ನೇ ನಿಲ್ಲಿಸಬೇಕಾಯಿತು. ಇನ್ನು ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ? ಆ ಊರುಗಳಲ್ಲಿ ಕಾಯಿಲೆಯೂ ಗಡಿಯಾರ ನೋಡಿ ಬರಬೇಕಿತ್ತು.

ಈಗ ನಮ್ಮ ಕಡೆ ಬರ್ರಿ. ಬಬಲೇಶ್ವರ, ತಿಕೋಟಾದವರಿಗೆ ನೀರು ಅಂದರೆ ಟ್ಯಾಂಕರ್, ಆಮೇಲೆ ತುಬಚಿ–ಬಬಲೇಶ್ವರ ಏತ ನೀರಾವರಿ. ದೋಣಿ ಅಂದರೆ ನಮಗೆ ಡೋಣಿ ಹೊಳೆಯೇ ನೆನಪಾಗೋದು! ಆದರೂ ಹಿನ್ನೀರು ಏನು ಮಾಡುತ್ತೆ ಅಂತ ವಿಜಯಪುರದವರಿಗೆ ಗೊತ್ತು. ಆಲಮಟ್ಟಿಯ ನೀರು ಏರಿ, ಮೊಸರಿಗೆ ಹೆಸರಾದ ಹಳೆ ಕೊಲ್ಹಾರ ಮುಳುಗಿತು. ಆದರೆ ಅಲ್ಲಿ ಸೇತುವೆಗೆ ಅರವತ್ತು ವರ್ಷ ಕಾಯಲಿಲ್ಲ. ಕೊರ್ತಿ–ಕೊಲ್ಹಾರ ನಡುವೆ ಸುಮಾರು 3 ಕಿ.ಮೀ. ಸೇತುವೆ 2006ರ ಹೊತ್ತಿಗೆ ಬಂತು. ಯಾಕೆ ಹೇಳ್ರಿ? ಸೊಲ್ಲಾಪುರ, ಹುಬ್ಬಳ್ಳಿ ಲಾರಿಗಳು ಹೋಗೋ ಹೆದ್ದಾರಿ ಅದು. ತುಮರಿಯಿಂದ ಬರೋದು ತುಮರಿಯವರು ಮಾತ್ರ. ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯಲ್ಲಿ 2013ರಲ್ಲಿ ತುಂಬು ಗರ್ಭಿಣಿಯೊಬ್ಬಳು ಒಣಗಿದ ಬುರುಡೆ ಕಟ್ಟಿಕೊಂಡು ಪ್ರವಾಹದ ಕೃಷ್ಣೆಯನ್ನು ಈಜಿ ದಾಟಿದಳು. ಅಲ್ಲೂ ಹೆದ್ದಾರಿ ಇರಲಿಲ್ಲ.

ಸಿಗಂದೂರಿನ ತೂಗುಕೇಬಲ್ ಸೇತುವೆ 2.44 ಕಿ.ಮೀ. ಉದ್ದ, ಶಂಕುಸ್ಥಾಪನೆ 2018ರಲ್ಲಿ. ಕಟ್ಟೋಕೆ ಹಿಡಿದ ಏಳು ವರ್ಷವೂ ಕಂಬಗಳ ಪಕ್ಕದಲ್ಲೇ ಲಾಂಚ್ ಓಡಿತು. ತನ್ನ ಕೆಲಸ ಕಸಿಯೋ ಸೇತುವೆ ಮೇಲೇಳೋದನ್ನ ದಿನಾ ನೋಡುತ್ತಾ ಟಿಕೆಟ್ ಹರಿದ ಗುತ್ತಿಗೆ ನೌಕರನಿಗೆ ಏನನಿಸಿತ್ತು? ನಾನು ಅವತ್ತು ವರದಿಗಾರರಿಗೆ ಈ ಪ್ರಶ್ನೆ ಕೇಳಬೇಕಿತ್ತು. ಕೇಳಿದ್ದು ವೇದಿಕೆಯ ಕುರ್ಚಿಗಳ ಬಗ್ಗೆ.

ಅದೇ ಹಿನ್ನೀರಿನಲ್ಲಿ ಹಸಿರುಮಕ್ಕಿ, ಮುಪ್ಪಾನೆ ಅಂತ ಇನ್ನೂ ಲಾಂಚ್ ಕಡವುಗಳಿವೆ. ಅಲ್ಲಿಗೆ ನಮ್ಮ ಓಬಿ ವ್ಯಾನು ಇನ್ನೂ ಹೋಗಿಲ್ಲ.