ಅರ್ಧ ಗಂಟೆಯ ನಗೆಯೂ ಅಡುಗೆಮನೆಯ ಬಾಗಿಲೂ

ಈ ಸ್ಮರಣ ಸಂಚಿಕೆಗೆ ಚರಿತ್ರೆಯನ್ನು ಕುರಿತ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ ಅವರ ಮನಸ್ಸಿನಲ್ಲಿದ್ದವರು ಬಹುಶಃ ಕದಂಬರೋ ಹೊಯ್ಸಳರೋ ಇರಬೇಕು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿ ಹಲವರಿದ್ದಾರೆ. ನಾನು ಬರೆಯಹೊರಟಿರುವುದು ಅಮೆರಿಕದ ಟೆಲಿವಿಷನ್ನಿನ ಹಳೆಯ ಹಾಸ್ಯ ಧಾರಾವಾಹಿಗಳ ಚರಿತ್ರೆಯನ್ನು. ಇದೇನು ಹಗುರವಾದ ವಿಷಯವೆಂದು ಪ್ರತಿನಿಧಿ ಬಂಧುಗಳು ಮೂಗು ಮುರಿಯಬಾರದಾಗಿ ಪ್ರಾರ್ಥನೆ. ಈ ದೇಶದ ಮನೆಯೊಳಗೆ ಗಂಡ ಹೆಂಡತಿ ಹೇಗೆ ಮಾತನಾಡುತ್ತಾರೆ, ಯಾರು ಯಾರಿಗೆ ತಗ್ಗಿ ನಡೆಯುತ್ತಾರೆ ಎಂಬುದನ್ನು ನಮ್ಮ ಪೀಳಿಗೆಯ ಬಹುಮಂದಿ ಮೊದಲು ಅರಿತದ್ದು ನೆರೆಮನೆಗೆ ಹೋಗಿ ಅಲ್ಲ, ಆ ಪೆಟ್ಟಿಗೆಯ ಮುಂದೆ ಕುಳಿತು.

1965ರ ವಲಸೆ ಕಾಯಿದೆಯಿಂದ ತೆರೆದ ದಾರಿಯಲ್ಲಿ ಬಂದ ಎಂಜಿನಿಯರುಗಳಲ್ಲಿ ನಮ್ಮ ಯಜಮಾನರೂ ಒಬ್ಬರು. ಅವರ ಕೈಹಿಡಿದು ನಾನು ಕ್ಲೀವ್‌ಲ್ಯಾಂಡಿಗೆ ಬಂದದ್ದು 1974ರ ಜನವರಿಯಲ್ಲಿ. ಮಾನಸಗಂಗೋತ್ರಿಯಲ್ಲಿ ಪಡೆದ ರಸಾಯನಶಾಸ್ತ್ರದ ಎಂ.ಎಸ್ಸಿ. ಪದವಿಪತ್ರ ಪೆಟ್ಟಿಗೆಯ ತಳದಲ್ಲಿತ್ತು. ಅದರ ಮೇಲೆ ಸಾರಿನ ಪುಡಿ, ಚಟ್ನಿಪುಡಿಗಳ ಡಬ್ಬಗಳು. ಹೊರಗೆ ಮೊಣಕಾಲುದ್ದ ಹಿಮ. ಯಜಮಾನರು ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಆರರವರೆಗೆ ಮನೆಯಲ್ಲಿ ಮಾತನಾಡುತ್ತಿದ್ದುದು ಟೆಲಿವಿಷನ್ ಒಂದೇ. ಹಗಲು ಹೊತ್ತಿನಲ್ಲಿ ಹಳೆಯ ಧಾರಾವಾಹಿಗಳ ಮರುಪ್ರಸಾರ. ಶನಿವಾರ ರಾತ್ರಿ ಹೊಚ್ಚ ಹೊಸವು. ಹೀಗಾಗಿ ಮಧ್ಯಾಹ್ನ 1952ರ ಅಮೆರಿಕವನ್ನೂ ರಾತ್ರಿ 1974ರ ಅಮೆರಿಕವನ್ನೂ ಒಂದೇ ಕಾಲದ ಒಂದೇ ದೇಶವೆಂದು ಭಾವಿಸಿ ನೋಡುತ್ತಿದ್ದೆ. ಒಂದು ಮನೆಯ ಹೆಂಡತಿ ಗಂಡನಿಗೆ ಹೆದರಿ ಹೊಸ ಟೋಪಿಯನ್ನು ಬಚ್ಚಿಡುತ್ತಾಳೆ, ಇನ್ನೊಬ್ಬಳು ಗಂಡನೇ ಇಲ್ಲದೆ ಒಂಟಿಯಾಗಿ ಬಾಳುತ್ತಾಳೆ. ಇವರಲ್ಲಿ ನಿಜವಾದ ಅಮೆರಿಕದ ಹೆಂಗಸು ಯಾರು? ಈ ಗೋಜಲನ್ನು ಬಿಡಿಸಿಕೊಳ್ಳಲು ನನಗೆ ಕೆಲವು ವರ್ಷಗಳೇ ಬೇಕಾದವು.

ಗೃಹಕೃತ್ಯದ ಪ್ರಹಸನವೇನೂ ಕನ್ನಡಿಗರಿಗೆ ಹೊಸದಲ್ಲ. ಕೈಲಾಸಂ ಅವರ ನಾಟಕಗಳ ನಡುಮನೆಯಲ್ಲಿ ಅಪ್ಪ, ಅಮ್ಮ, ಸೊಸೆ, ಓದಿದ ಮಗ, ಓದದ ಮಗ ಇವರ ಜಗಳಗಳನ್ನು ಕಂಡು ನಕ್ಕವರು ನಾವು. ಆದರೆ ನಾಟಕಕ್ಕೆ ಒಂದು ಮುಕ್ತಾಯವಿರುತ್ತದೆ. ವಾರವಾರವೂ ಬರುವ ಹಾಸ್ಯ ಧಾರಾವಾಹಿಗೆ ಮುಕ್ತಾಯವಿಲ್ಲ. ಅದರ ಕಟ್ಟುಪಾಡು ಬೇರೆ. ಅರ್ಧ ಗಂಟೆಯಲ್ಲಿ ಏನೇ ಅನಾಹುತವಾದರೂ ಕೊನೆಗೆ ಎಲ್ಲವೂ ಮೊದಲಿದ್ದ ಸ್ಥಿತಿಗೆ ಮರಳಬೇಕು. ಮರಳದಿದ್ದರೆ ಮುಂದಿನ ವಾರದ ಕಥೆಗೆ ನೆಲೆಯಿರುವುದಿಲ್ಲ. ಆದುದರಿಂದ ಈ ಧಾರಾವಾಹಿಗಳಲ್ಲಿ ಸಮಾಜದ ಬದಲಾವಣೆಯನ್ನು ಹುಡುಕುವವರು ಕಥೆಯ ನಡುವೆ ಏನಾಯಿತೆಂದು ನೋಡಿದರೆ ಮೋಸಹೋಗುತ್ತಾರೆ. ಕಥೆ ಕೊನೆಗೆ ಎಲ್ಲಿಗೆ ಮರಳುತ್ತದೆ ಎಂಬುದನ್ನು ಗಮನಿಸಬೇಕು ಎಂಬುದು ನನ್ನ ಅಭಿಪ್ರಾಯ.

1951ರ ಅಕ್ಟೋಬರ್ 15ರಂದು ಸಿ.ಬಿ.ಎಸ್. ವಾಹಿನಿಯಲ್ಲಿ ಆರಂಭವಾದ ‘ಐ ಲವ್ ಲೂಸಿ’ಯನ್ನು ತೆಗೆದುಕೊಳ್ಳೋಣ. ಲೂಸಿಯ ಗಂಡ ರಿಕಿ ಕ್ಯೂಬಾದಿಂದ ಬಂದ ಗಾಯಕ; ಕೋಪ ಬಂದಾಗ ಮಾತೃಭಾಷೆಯಲ್ಲಿ ಬಡಬಡಿಸುವವನು. ಪರದೇಶದ ಉಚ್ಚಾರಣೆಯ ಗಂಡನನ್ನು ಪ್ರೇಕ್ಷಕರು ಒಪ್ಪುವುದಿಲ್ಲವೆಂದು ವಾಹಿನಿಯವರು ಮೊದಲು ಹಿಂಜರಿದಿದ್ದರು. ಆದರೆ ಡೆಸಿ ಅರ್ನಾಜ್ ನಿಜಜೀವನದಲ್ಲಿಯೂ ಲೂಸಿಲ್ ಬಾಲ್ ಅವರ ಪತಿ. ಆಕೆ ಪಟ್ಟು ಬಿಡಲಿಲ್ಲ. ಆ ಗಂಡನ ಇಂಗ್ಲಿಷನ್ನು ಕೇಳಿದಾಗಲೆಲ್ಲ ನಮ್ಮ ಮನೆಯಲ್ಲಿ ನನಗೆ ಒಂದು ಬಗೆಯ ಸಮಾಧಾನವಾಗುತ್ತಿತ್ತೆಂದು ಈಗ ಒಪ್ಪಿಕೊಳ್ಳಬಹುದು.

1952ರ ಸೆಪ್ಟೆಂಬರಿನಲ್ಲಿ ಪ್ರಸಾರವಾದ ಒಂದು ಕಂತನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ದುಡಿಯುವುದು ಕಷ್ಟವೋ ಮನೆ ನಡೆಸುವುದು ಕಷ್ಟವೋ ಎಂಬ ಜಗಳ ಹತ್ತಿ ಗಂಡಸರು ಅಡುಗೆಮನೆಯನ್ನೂ ಹೆಂಗಸರು ಹೊರಗಿನ ಕೆಲಸವನ್ನೂ ವಹಿಸಿಕೊಳ್ಳುತ್ತಾರೆ. ಲೂಸಿ ಮತ್ತು ಆಕೆಯ ಗೆಳತಿ ಎಥೆಲ್ ಚಾಕೊಲೇಟ್ ಕಾರ್ಖಾನೆಗೆ ಸೇರುತ್ತಾರೆ. ಯಂತ್ರದ ಪಟ್ಟಿಯ ಮೇಲೆ ಚಾಕೊಲೇಟುಗಳು ಸುತ್ತಲಾರದಷ್ಟು ವೇಗವಾಗಿ ಬರತೊಡಗಿದಾಗ ಬಾಯಿಗೆ, ಟೋಪಿಗೆ, ರವಿಕೆಯೊಳಕ್ಕೆ ತುರುಕಿಕೊಳ್ಳುತ್ತಾರೆ. ಅತ್ತ ಮನೆಯಲ್ಲಿ ರಿಕಿ ಅಳತೆ ಅರಿಯದೆ ಅಕ್ಕಿ ಸುರಿದು, ಅನ್ನವು ಪಾತ್ರೆಯಿಂದ ಉಕ್ಕಿ ನೆಲವನ್ನೆಲ್ಲ ತುಂಬುತ್ತದೆ. ಅನ್ನವುಂಡು ಬೆಳೆದ ನಮಗೆ ಈ ದೃಶ್ಯ ಚಾಕೊಲೇಟಿಗಿಂತ ಹೆಚ್ಚು ನಗು ತರಿಸಿತು. ಕೊನೆಗೆ ಎರಡು ಪಕ್ಷಗಳೂ ಸೋಲೊಪ್ಪಿಕೊಂಡು ಹೆಂಡಂದಿರು ಅಡುಗೆಮನೆಗೆ ಮರಳುತ್ತಾರೆ. ಆರು ವರ್ಷಗಳ ಕಾಲ ಲೂಸಿ ರಂಗಕ್ಕೆ ಹೋಗಲು, ಹಾಡಲು, ಕುಣಿಯಲು, ಸಂಪಾದಿಸಲು ಹವಣಿಸಿದಳು. ಮತ್ತೆ ಮತ್ತೆ ಅಲ್ಲಿಗೇ ಮರಳಿದಳು.

ಆಕೆಯ ಗರ್ಭಾವಸ್ಥೆಯ ಪ್ರಕರಣವಂತೂ ಸ್ವಾರಸ್ಯಕರವಾದುದು. 1952ರಲ್ಲಿ ಲೂಸಿಲ್ ಬಾಲ್ ನಿಜವಾಗಿಯೇ ಗರ್ಭಿಣಿಯಾದಾಗ ಅದನ್ನು ಕಥೆಯಲ್ಲಿಯೂ ತರಲು ನಿಶ್ಚಯಿಸಿದರು. ಪ್ರಾಯೋಜಕರಾಗಿದ್ದ ಸಿಗರೇಟು ಕಂಪನಿಗೂ ವಾಹಿನಿಗೂ ಎದೆ ನಡುಗಿತು. ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟೆಂಟ್ ಧರ್ಮಗುರು, ಒಬ್ಬ ಯಹೂದಿ ರಬ್ಬಿ ಮೂವರೂ ಚಿತ್ರಕಥೆಯನ್ನು ಪರಿಶೀಲಿಸಿದರು. ‘ಗರ್ಭಿಣಿ’ ಎಂಬ ಪದವನ್ನು ಉಚ್ಚರಿಸದೆ ಮಗುವನ್ನು ‘ನಿರೀಕ್ಷಿಸುತ್ತಿದ್ದಾಳೆ’ ಎಂದರು. (ನಮ್ಮಲ್ಲಿಯೂ ಹಿರಿಯರು ‘ಅವಳಿಗೆ ದಿನ ತುಂಬುತ್ತಿದೆ’ ಎನ್ನುತ್ತಿದ್ದರಲ್ಲದೆ ಬೇರೆ ಮಾತಾಡುತ್ತಿರಲಿಲ್ಲ.) 1953ರ ಜನವರಿ 19ರಂದು ಪರದೆಯ ಮೇಲೆ ಮಗು ಹುಟ್ಟಿತು, ಅದೇ ದಿನ ನಿಜವಾದ ಮಗುವೂ ಹುಟ್ಟಿತು. ನೋಡಿದವರು ಸುಮಾರು 4 ಕೋಟಿ 40 ಲಕ್ಷ ಜನ. ಮರುದಿನ ನಡೆದ ಐಸೆನ್‌ಹೋವರ್ ಅವರ ಅಧಿಕಾರ ಸ್ವೀಕಾರವನ್ನು ನೋಡಿದವರು ಅದಕ್ಕಿಂತ ಬಹಳ ಕಡಿಮೆ.

ಪರದೆಯ ಹಿಂದಿನ ಕಥೆ ಇದಕ್ಕೆ ತದ್ವಿರುದ್ಧ. ಆ ಕಾಲದಲ್ಲಿ ಬಹುಪಾಲು ಕಾರ್ಯಕ್ರಮಗಳು ನೇರವಾಗಿ ಪ್ರಸಾರವಾಗಿ ಗಾಳಿಯಲ್ಲಿ ಕರಗುತ್ತಿದ್ದವು. ಈ ದಂಪತಿಗಳು ಪ್ರೇಕ್ಷಕರ ಎದುರಿಗೇ ಮೂರು ಕ್ಯಾಮೆರಾಗಳಲ್ಲಿ ಫಿಲ್ಮಿನ ಮೇಲೆ ಚಿತ್ರೀಕರಿಸಿ, ಸಂಬಳ ಕಡಿಮೆ ಮಾಡಿಕೊಂಡು ಆ ಫಿಲ್ಮಿನ ಒಡೆತನವನ್ನು ಉಳಿಸಿಕೊಂಡರು. ಇಪ್ಪತ್ತೆರಡು ವರ್ಷಗಳ ಮೇಲೆ ಕ್ಲೀವ್‌ಲ್ಯಾಂಡಿನ ಹಿಮದಲ್ಲಿ ನಾನು ಲೂಸಿಯನ್ನು ನೋಡಲು ಸಾಧ್ಯವಾದದ್ದು ಈ ಫಿಲ್ಮಿನಿಂದಲೇ. ವಿಚ್ಛೇದನದ ನಂತರ 1962ರಲ್ಲಿ ಲೂಸಿಲ್ ಬಾಲ್ ಪತಿಯ ಪಾಲನ್ನೂ ಕೊಂಡು ‘ಡೆಸಿಲು’ ಸ್ಟುಡಿಯೊವನ್ನು ಒಬ್ಬರೇ ನಡೆಸಿದರು. ನಮ್ಮ ಎಂಜಿನಿಯರ್ ಮಿತ್ರರು ಕಣ್ಣೆವೆಯಿಕ್ಕದೆ ನೋಡುತ್ತಿದ್ದ ‘ಸ್ಟಾರ್ ಟ್ರೆಕ್’ 1966ರಲ್ಲಿ ಹೊರಬಂದದ್ದು ಅಲ್ಲಿಂದಲೇ. ವಾರವಾರವೂ ಅಡುಗೆಮನೆಗೆ ಮರಳುವ ಹೆಂಗಸನ್ನು ಅಭಿನಯಿಸಿ ಸಂಪಾದಿಸಿದ ಹಣದಿಂದ ಒಬ್ಬ ಹೆಂಗಸು ಸ್ಟುಡಿಯೊದ ಒಡತಿಯಾದಳು.

ಐವತ್ತರ ದಶಕದ ಉಳಿದ ಸಂಸಾರಗಳ ವಿಚಾರ ಬೇಗ ಮುಗಿಸಬಹುದು. ‘ಫಾದರ್ ನೋಸ್ ಬೆಸ್ಟ್’ (1954-60), ‘ಲೀವ್ ಇಟ್ ಟು ಬೀವರ್’ (1957-63) ಇವುಗಳಲ್ಲಿ ಅಪ್ಪನ ಮಾತೇ ಶಾಸನ. ಅಮ್ಮ ಮನೆಗೆಲಸ ಮಾಡುವಾಗಲೂ ಕೊರಳಲ್ಲಿ ಮುತ್ತಿನ ಸರ. ಆ ಮುತ್ತಿನ ಸರ ತನ್ನ ಕೊರಳಿನ ಗುಳಿಯನ್ನು ಮರೆಮಾಡಲೆಂದು ಧರಿಸಿದ್ದು ಎಂದು ನಟಿ ಬಾರ್ಬರಾ ಬಿಲಿಂಗ್ಸ್‌ಲಿ ಮುಂದೆ ಹೇಳಿದರು. ನಾನಾದರೋ ಅಮೆರಿಕದ ಗೃಹಿಣಿಯರೆಲ್ಲ ಹಾಗೆಯೇ ಇರುತ್ತಾರೆಂದು ನಂಬಿದ್ದೆ. ವಾಸ್ತವವಾಗಿ 1950ರಲ್ಲಿಯೇ ಈ ದೇಶದ ವಯಸ್ಕ ಹೆಂಗಸರಲ್ಲಿ ನೂರಕ್ಕೆ ಸುಮಾರು 34 ಮಂದಿ ಹೊರಗಿನ ದುಡಿಮೆಯಲ್ಲಿದ್ದರು. ಕಪ್ಪು ಮಹಿಳೆಯರಿಗಂತೂ ‘ಹೊಸ್ತಿಲು ದಾಟುವ’ ಪ್ರಶ್ನೆ ಹೊಸದಾಗಿರಲೇ ಇಲ್ಲ. ಲೂಸಿಗಿಂತ ಒಂದು ವರ್ಷ ಮೊದಲು, 1950ರಲ್ಲಿ ಬಂದ ‘ಬ್ಯೂಲಾ’ ಧಾರಾವಾಹಿಯಲ್ಲಿ ಎಥೆಲ್ ವಾಟರ್ಸ್ ವಹಿಸಿದ ಪಾತ್ರ ಬಿಳಿಯರ ಮನೆಯ ಕೆಲಸದಾಕೆಯದು. ಆಕೆಯ ಕಥೆ ಮರಳುತ್ತಿದ್ದುದು ಇನ್ನೊಬ್ಬರ ಅಡುಗೆಮನೆಗೆ. 1968ರಲ್ಲಿ ‘ಜೂಲಿಯಾ’ದಲ್ಲಿ ಡಯಾನ್ ಕ್ಯಾರಲ್ ದಾದಿಯಾಗಿ, ವಿಯೆಟ್ನಾಂ ಯುದ್ಧದಲ್ಲಿ ಪತಿಯನ್ನು ಕಳೆದುಕೊಂಡ ತಾಯಿಯಾಗಿ ಬರುವವರೆಗೆ ಹದಿನೆಂಟು ವರ್ಷ ಹಿಡಿಯಿತು. ಟೆಲಿವಿಷನ್ ಸಮಾಜದ ಕನ್ನಡಿ ಎನ್ನುವವರುಂಟು. ಕನ್ನಡಿಯೇ ಆದರೆ ಅದು ಬಹಳ ತಡವಾಗಿ ಮುಖ ತೋರಿಸುವ ಕನ್ನಡಿ.

ಇನ್ನು ಶನಿವಾರದ ರಾತ್ರಿಗಳಿಗೆ ಬರುತ್ತೇನೆ. ಊರಿನ ನಾಲ್ಕಾರು ಕನ್ನಡ ಕುಟುಂಬಗಳು ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಊಟವಾದ ಮೇಲೆ ಎಂಟು ಗಂಟೆಗೆ ‘ಆಲ್ ಇನ್ ದ ಫ್ಯಾಮಿಲಿ’. ಗಂಡಸರು ಹಜಾರದಲ್ಲಿ ಕುಳಿತು ನೋಡುತ್ತಿದ್ದರು. ನಾವು ಹೆಂಗಸರು ಪಾತ್ರೆ ತೊಳೆಯುತ್ತ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆವು. ನಾರ್ಮನ್ ಲಿಯರ್ 1971ರ ಜನವರಿಯಲ್ಲಿ ಆರಂಭಿಸಿದ ಈ ಧಾರಾವಾಹಿಯ ಆರ್ಚಿ ಬಂಕರ್ ಕರಿಯರನ್ನು, ಯಹೂದಿಗಳನ್ನು, ವಲಸೆ ಬಂದವರನ್ನು ಬಯ್ಯುತ್ತ, ಹೆಂಡತಿ ಎಡಿತ್ ಬಾಯಿ ತೆರೆದರೆ ಮುಚ್ಚೆಂದು ಗದರುತ್ತ ತನ್ನ ಕುರ್ಚಿಯಲ್ಲಿ ಆಳುವ ದೊರೆ. ಎಡಿತ್ ಅವನಿಗೆ ಬಿಯರ್ ತಂದುಕೊಡಲು ಅಡುಗೆಮನೆಯಿಂದ ಓಡೋಡಿ ಬರುತ್ತಾಳೆ. ಲಿಯರ್ ಅವರ ಉದ್ದೇಶ ಅವನನ್ನು ಗೇಲಿ ಮಾಡುವುದು. ಆದರೆ ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೊಕೀಚ್ 1974ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೊಂದನ್ನು ತೋರಿಸಿತು: ಪೂರ್ವಗ್ರಹವುಳ್ಳ ಪ್ರೇಕ್ಷಕರು ಆರ್ಚಿಯನ್ನು ನೋಡಿ ನಗದೆ ಅವನೊಡನೆ ಸೇರಿ ನಗುತ್ತಿದ್ದರು. ಆ ಅಧ್ಯಯನವನ್ನು ಓದುವ ಮೊದಲೇ ನನಗೆ ಅದು ತಿಳಿದಿತ್ತು. ನಮ್ಮ ಹಜಾರದಿಂದ ಬರುತ್ತಿದ್ದ ನಗೆಯಲ್ಲಿ ಎರಡು ಬಗೆಯವೂ ಇದ್ದವು. ನಮ್ಮಂಥವರನ್ನೇ ಒಳಬಿಡಬಾರದೆನ್ನುವ ಮನುಷ್ಯನ ಮಾತಿಗೆ ನಕ್ಕು, ‘ಕಾಫಿ ಆಯ್ತೇನೇ?’ ಎಂದು ಅದೇ ಧಾಟಿಯಲ್ಲಿ ಒಳಗೆ ಕೂಗುತ್ತಿದ್ದರು. ಆರ್ಚಿಯ ಆ ಕುರ್ಚಿ 1978ರಿಂದ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಕ್ಕೆ ಸೇರಿದೆ.

ಲಿಯರ್ ಅವರದೇ ಇನ್ನೊಂದು ಧಾರಾವಾಹಿಯಲ್ಲಿ, 1972ರ ನವೆಂಬರಿನಲ್ಲಿ, ನಲವತ್ತೇಳು ವರ್ಷದ ಮಾಡ್ ಗರ್ಭಪಾತ ಮಾಡಿಸಿಕೊಳ್ಳಲು ನಿರ್ಧರಿಸಿದಳು. ಗರ್ಭಿಣಿ ಎಂಬ ಪದಕ್ಕೆ ಅಂಜಿದ್ದ ವಾಹಿನಿ ಅದೇ. ನಡುವೆ ಕಳೆದದ್ದು ಕೇವಲ ಇಪ್ಪತ್ತು ವರ್ಷ.

ಒಂಬತ್ತು ಗಂಟೆಗೆ ‘ಮೇರಿ ಟೈಲರ್ ಮೂರ್ ಷೋ’. ಆ ಹೊತ್ತಿಗೆ ಪಾತ್ರೆ ತೊಳೆಯುವುದು ಮುಗಿದು ನಾವೂ ಹಜಾರಕ್ಕೆ ಬರುತ್ತಿದ್ದೆವು. 1970ರಲ್ಲಿ ಆರಂಭವಾದ ಇದರ ನಾಯಕಿ ಮೂವತ್ತು ವರ್ಷದ ಅವಿವಾಹಿತೆ. ಆಕೆಯನ್ನು ವಿಚ್ಛೇದಿತೆಯಾಗಿ ಚಿತ್ರಿಸಬೇಕೆಂಬುದು ನಿರ್ಮಾಪಕರ ಮೂಲ ಯೋಜನೆ, ವಾಹಿನಿ ಒಪ್ಪಲಿಲ್ಲ. ಆದುದರಿಂದ ಮುರಿದ ಪ್ರೇಮದ ಕಥೆ ಕಟ್ಟಿ ಆಕೆಯನ್ನು ಮಿನಿಯಾಪೊಲಿಸಿಗೆ ಕಳುಹಿಸಿದರು. ಸೆಕ್ರೆಟರಿ ಕೆಲಸ ಕೇಳಿ ಬಂದವಳಿಗೆ ಸುದ್ದಿ ವಿಭಾಗದ ಸಹಾಯಕ ನಿರ್ಮಾಪಕಿಯ ಹುದ್ದೆ ದೊರೆಯುತ್ತದೆ. ಹೆಸರು ದೊಡ್ಡದು, ಸಂಬಳ ಮಾತ್ರ ಸೆಕ್ರೆಟರಿಗಿಂತ ವಾರಕ್ಕೆ 10 ಡಾಲರ್ ಕಡಿಮೆ. ಟ್ರೀವಾ ಸಿಲ್ವರ್‌ಮನ್ ಮೊದಲಾದ ಲೇಖಕಿಯರು ಇದಕ್ಕೆ ಬರೆಯುತ್ತಿದ್ದುದರಿಂದಲೋ ಏನೋ ಇಂತಹ ಸೂಕ್ಷ್ಮಗಳು ತಪ್ಪುತ್ತಿರಲಿಲ್ಲ. ಕನ್ನಡ ಕಿವಿಗೆ ಥಟ್ಟನೆ ತಾಗುವ ಒಂದು ಸಂಗತಿಯಿದೆ. ಕಚೇರಿಯ ಗಂಡಸರೆಲ್ಲ ಮೇಲಧಿಕಾರಿಯನ್ನು ‘ಲೂ’ ಎಂದು ಹೆಸರು ಹಿಡಿದು ಕರೆಯುವಾಗ ಮೇರಿ ಮಾತ್ರ ಏಳು ವರ್ಷವೂ ‘ಮಿಸ್ಟರ್ ಗ್ರಾಂಟ್’ ಎಂದೇ ಕರೆಯುತ್ತಾಳೆ. ಬಹುವಚನದ ಭಾರವನ್ನು ಬಲ್ಲ ನಮಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಆದರೂ ಈಕೆಯ ಕಥೆ ಪ್ರತಿವಾರ ಮರಳುವುದು ಕಚೇರಿಯ ಮೇಜಿಗೆ, ಇಲ್ಲವೆ ತಾನೇ ಬಾಡಿಗೆ ಕೊಡುವ ಒಂದು ಕೋಣೆಯ ಮನೆಗೆ. ಅಂತಹ ನೆಲೆ ಲೂಸಿಗಿರಲಿಲ್ಲ.

1972ರ ಒಂದು ಕಂತಿನಲ್ಲಿ, ತನ್ನ ಹುದ್ದೆಯಲ್ಲಿ ಮೊದಲಿದ್ದ ಗಂಡಸಿಗೆ ವಾರಕ್ಕೆ 50 ಡಾಲರ್ ಹೆಚ್ಚು ಸಂಬಳವಿತ್ತೆಂದು ಮೇರಿಗೆ ತಿಳಿಯುತ್ತದೆ. ಅವನಿಗೆ ಸಂಸಾರವಿತ್ತು ಎಂಬುದೇ ಅಧಿಕಾರಿಯ ಸಮಜಾಯಿಷಿ. ಸಮಾನ ವೇತನದ ಕಾಯಿದೆ ಬಂದು ಆಗಲೇ ಒಂಬತ್ತು ವರ್ಷ. ಈ ಕಂತನ್ನು ನಾನು ನೋಡಿದ್ದು 1978ರಲ್ಲಿ, ಮರುಪ್ರಸಾರದಲ್ಲಿ. ಆ ವೇಳೆಗೆ ನಾನು ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಎರಡು ವರ್ಷ ದುಡಿದಿದ್ದೆ. ನನ್ನಿಂದಲೇ ಕೆಲಸ ಕಲಿತ, ಬಿ.ಎಸ್. ಮಾತ್ರ ಓದಿದ್ದ ತರುಣನಿಗೆ ನನಗಿಂತ ಹೆಚ್ಚು ಸಂಬಳವೆಂದು ತಿಳಿದು ಆರು ತಿಂಗಳಾಗಿದ್ದರೂ ಬಾಯಿ ಬಿಟ್ಟಿರಲಿಲ್ಲ. ‘ಬಂದದ್ದೇ ಲಾಭ ಅಂದ್ಕೋ. ನಿನಗ್ಯಾಕೆ ಇಲ್ಲದ ಉಸಾಬರಿ?’ ಎಂದಿದ್ದರು ಯಜಮಾನರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೋಮವಾರ ಮೇಲ್ವಿಚಾರಕರ ಕೋಣೆಗೆ ಹೋಗಿ ಕೇಳಿದೆ. ‘ನಿಮ್ಮ ಗಂಡ ಎಂಜಿನಿಯರ್ ಅಲ್ಲವೆ?’ ಎಂದರು ಅವರು, ಬಹಳ ಸೌಜನ್ಯದಿಂದ. ಧಾರಾವಾಹಿಯಲ್ಲಾಗಿದ್ದರೆ ಅಲ್ಲಿ ಪ್ರೇಕ್ಷಕರ ನಗೆ ಕೇಳಿಬರುತ್ತಿತ್ತು. ಆ ವರ್ಷ ಏನೂ ಆಗಲಿಲ್ಲ. ಮರುವರ್ಷ ವ್ಯತ್ಯಾಸದ ಅರ್ಧದಷ್ಟನ್ನು ಕೊಟ್ಟರು. ಉಳಿದರ್ಧಕ್ಕಾಗಿ ನಾನು ಬೇರೆ ಕೆಲಸ ಹುಡುಕಿಕೊಂಡೆ.

1992ರ ಮೇ ತಿಂಗಳಲ್ಲಿ ‘ಮರ್ಫಿ ಬ್ರೌನ್’ ಧಾರಾವಾಹಿಯ ಅವಿವಾಹಿತ ವರದಿಗಾರ್ತಿ ಮಗುವನ್ನು ಹೆತ್ತಳು. ಮರುದಿನವೇ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ತಮ್ಮ ಭಾಷಣದಲ್ಲಿ ಆ ಕಾಲ್ಪನಿಕ ಹೆಂಗಸನ್ನು ಆಕ್ಷೇಪಿಸಿದರು. ಲೂಸಿಯ ಮಗುವಿನ ಮುಂದೆ ಅಧ್ಯಕ್ಷರೊಬ್ಬರು ಮಂಕಾದರು, ಮರ್ಫಿಯ ಮಗುವಿನೊಡನೆ ಉಪಾಧ್ಯಕ್ಷರೊಬ್ಬರು ಜಗಳಕ್ಕೆ ನಿಂತರು. ಭಾರತೀಯ ಮೂಲದ ಮಿಂಡಿ ಕೇಲಿಂಗ್ ತಾನೇ ಬರೆದು ತಾನೇ ನಾಯಕಿಯಾಗಿ, ವೈದ್ಯೆಯ ಪಾತ್ರದಲ್ಲಿ ಬಂದದ್ದು 2012ರಲ್ಲಿ. ಅಷ್ಟರಲ್ಲಿ ನಮ್ಮ ಮಗಳು ಮದುವೆಯಾಗಿ, ತನ್ನ ಕೆಲಸದಲ್ಲಿ ಹತ್ತು ವರ್ಷ ಕಳೆದಿದ್ದಳು. ನೋಡಲು ಅವಳಿಗೆ ಬಿಡುವಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಮೊಮ್ಮಗಳು ರಜೆಗೆಂದು ಬಂದಿದ್ದಾಗ ಅವಳಿಗೆ ಆ ಚಾಕೊಲೇಟ್ ಕಂತನ್ನು ತೋರಿಸಿದೆ. ಹೊರಳಾಡಿ ನಕ್ಕಳು. ಮುಗಿದ ಮೇಲೆ, ‘ಅಜ್ಜಿ, ಆ ಕೆಲಸ ಹೋದರೆ ಹೋಗಲಿ, ಲೂಸಿ ಬೇರೆ ಕೆಲಸ ಯಾಕೆ ಹುಡುಕಲಿಲ್ಲ?’ ಎಂದು ಕೇಳಿದಳು. ಉತ್ತರವನ್ನು ಎಲ್ಲಿಂದ ಆರಂಭಿಸುವುದೆಂದು ನಾನು ಯೋಚಿಸುತ್ತಿರುವಾಗಲೇ ಅಡುಗೆಮನೆಯಿಂದ ಅವಳ ತಾತ, ಅನ್ನಕ್ಕೆ ಕುಕ್ಕರ್ ಮೂರು ಸಲ ಕೂಗಬೇಕೋ ನಾಲ್ಕು ಸಲವೋ ಎಂದು ಕೂಗಿ ಕೇಳಿದರು.