ಅಳೆಯುವ ಸರಪಣಿಯನ್ನು ಅಳೆದ ಬಗೆ: ಬೆಂಗಳೂರಿನ ಆಧಾರರೇಖೆಗಳು (1800–1868)

ಕೈಫಿಯತ್ತುಗಳ ಮೂಲಕ ಕಾಲಿನ್ ಮೆಕೆಂಜಿಯ ಹೆಸರು ಕನ್ನಡ ಸಂಶೋಧಕರಿಗೆ ಚಿರಪರಿಚಿತವಾಗಿದೆ. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಬಳಿಕ ಆತನು ಮೈಸೂರು ಸೀಮೆಯ ಸರ್ವೇಕ್ಷಣೆಯನ್ನು ಕೈಗೊಂಡನು. ಅದೇ ನೆಲದಲ್ಲಿ, ಅದೇ ಕಾಲದಲ್ಲಿ ಮೊದಲಾದ ವಿಲಿಯಂ ಲ್ಯಾಂಬ್ಟನ್ನನ ತ್ರಿಕೋನಮಿತೀಯ ಸರ್ವೇಕ್ಷಣೆಯತ್ತ ನಮ್ಮ ಗಮನ ಅಷ್ಟಾಗಿ ಹರಿದಿಲ್ಲ. ಮುಂದೆ ಹಿಮಾಲಯದವರೆಗೂ ಚಾಚಿಕೊಂಡ ಆ ಮಹಾಕಾರ್ಯದ ನಿಖರತೆಯನ್ನು ಹಲವರು ಕೊಂಡಾಡಿದ್ದಾರೆ. ಆದರೆ ನೆಲವನ್ನು ಅಳೆದ ಉಪಕರಣಗಳು ಸರಿಯಾಗಿವೆಯೆಂಬುದನ್ನು ಅಳೆದವರು ತಿಳಿದುಕೊಂಡದ್ದು ಹೇಗೆ? ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಬೆಂಗಳೂರಿನ ಆಧಾರರೇಖೆಗಳ ನಿದರ್ಶನದಿಂದ ಪರಿಶೀಲಿಸುತ್ತದೆ.

1

ತ್ರಿಕೋನಮಿತೀಯ ಸರ್ವೇಕ್ಷಣೆಯಲ್ಲಿ ನೆಲದ ಮೇಲೆ ನೇರವಾಗಿ ಅಳೆಯುವುದು ಒಂದೇ ಒಂದು ರೇಖೆಯನ್ನು. ಉಳಿದ ದೂರಗಳೆಲ್ಲವೂ ಕೋನಗಳನ್ನು ನೋಡಿ ಗಣಿಸಿದವು. ಆದುದರಿಂದ ಆಧಾರರೇಖೆಯಲ್ಲಿ ಉಳಿದ ದೋಷವು ಅದರ ಮೇಲೆ ಕಟ್ಟಿದ ಪ್ರತಿಯೊಂದು ತ್ರಿಭುಜಕ್ಕೂ ಅದೇ ಪ್ರಮಾಣದಲ್ಲಿ ಹರಡುತ್ತದೆ.

ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಮೊದಲ ರೇಖೆಯನ್ನು ಅಳೆದದ್ದು 1800ರ ಅಕ್ಟೋಬರ್ 14ರಿಂದ ಡಿಸೆಂಬರ್ 10ರವರೆಗೆ. ಅದಕ್ಕೆ ಬಳಸಿದ ಉಕ್ಕಿನ ಸರಪಣಿಯದೇ ಒಂದು ಚರಿತ್ರೆ. ಲಂಡನ್ನಿನ ರ‍್ಯಾಮ್ಸ್‌ಡೆನ್ ತಯಾರಿಸಿದ ಅದನ್ನು ಮೆಕಾರ್ಟ್ನಿಯ ರಾಯಭಾರದೊಡನೆ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ಯಲಾಗಿತ್ತು. ಅಲ್ಲಿ ಸ್ವೀಕೃತವಾಗದೆ ಅದು ಕಲ್ಕತ್ತೆಗೆ ಬಂದು, ಅಲ್ಲಿಂದ ಲ್ಯಾಂಬ್ಟನ್ನನ ಕೈ ಸೇರಿತು. ತಲಾ ಎರಡೂವರೆ ಅಡಿಯ 40 ಕೊಂಡಿಗಳು ಕೂಡಿ ನೂರು ಅಡಿ. ಆದರೆ ಅದು ನಿಜವಾಗಿಯೂ ನೂರು ಅಡಿಯೇ? ಕೊಂಡಿಗಳು ಸವೆದಂತೆಲ್ಲ ಸರಪಣಿ ಹಿಗ್ಗುತ್ತದೆ. ಬಿಸಿಲಿಗೆ ಉಕ್ಕು ಬೆಳೆಯುತ್ತದೆ, ತಂಪಿಗೆ ಕುಗ್ಗುತ್ತದೆ.

1802ರ ಏಪ್ರಿಲ್ 10ರಿಂದ ಮೇ 22ರವರೆಗೆ ಮದರಾಸಿನ ಸೇಂಟ್ ಥಾಮಸ್ ಮೌಂಟ್‌ ಬಳಿ ಏಳೂವರೆ ಮೈಲಿಯ ಹೊಸ ರೇಖೆಯನ್ನು ಅಳೆಯುವಾಗ ಈ ಸಂಶಯಕ್ಕೆ ವ್ಯವಸ್ಥಿತವಾದ ಉತ್ತರವನ್ನು ರೂಪಿಸಲಾಯಿತು. ಇಂಗ್ಲೆಂಡಿನಿಂದ ತರಿಸಿದ ಎರಡನೆಯ ಸರಪಣಿಯನ್ನು ನೆಲದ ಅಳತೆಗೆ ಬಳಸದೆ ಪ್ರಮಾಣವಾಗಿ ಕಾಯ್ದಿರಿಸಿ, ಹಳೆಯ ಸರಪಣಿಯನ್ನು ಅದರೊಡನೆ ತಾಳೆ ನೋಡಲಾಯಿತು. ಅಳೆಯುವ ಸರಪಣಿಯನ್ನು ನೆಲಕ್ಕೆ ತಾಗಿಸದೆ, ಮುಕ್ಕಾಲಿಗಳ ಮೇಲಿಟ್ಟ ಮರದ ತೊಟ್ಟಿಗಳಲ್ಲಿ ಎಳೆದು ನಿಲ್ಲಿಸಿ, ನೆರಳು ಕಟ್ಟಿ, ಪಕ್ಕದಲ್ಲಿಟ್ಟ ಉಷ್ಣಮಾಪಕಗಳನ್ನು ಓದಿ ಪ್ರತಿ ಅಳತೆಯನ್ನೂ 62 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿ ಲೆಕ್ಕ ಹಾಕಲಾಯಿತು.

ಈ ಎಚ್ಚರ ಅತಿಯೆನಿಸಬಹುದು. ಆದರೆ ನೂರಡಿಯ ಉಕ್ಕು ಒಂದು ಡಿಗ್ರಿ ಫ್ಯಾರನ್‌ಹೀಟ್ ಶಾಖಕ್ಕೆ ಬೆಳೆಯುವುದು ಅಂಗುಲದ ಸಾವಿರದಲ್ಲಿ ಸುಮಾರು ಏಳೂವರೆ ಭಾಗ. ಮದರಾಸಿನ ರೇಖೆಯ ಉದ್ದ ಸುಮಾರು 400 ಸರಪಣಿ. ಅಂದರೆ ಉಷ್ಣಮಾಪಕವು ಉದ್ದಕ್ಕೂ ಒಂದೇ ಒಂದು ಡಿಗ್ರಿ ತಪ್ಪು ತೋರಿಸಿದ್ದರೂ ಒಟ್ಟು ಉದ್ದದಲ್ಲಿ ಮೂರು ಅಂಗುಲ ವ್ಯತ್ಯಾಸ ಬೀಳುತ್ತಿತ್ತು. ಮೇಲಾಗಿ, ಉಷ್ಣಮಾಪಕವು ತೋರಿಸುವುದು ತನ್ನ ಸುತ್ತಣ ಗಾಳಿಯ ಶಾಖವನ್ನೇ ಹೊರತು ಉಕ್ಕಿನ ಒಳಗಿನ ಶಾಖವನ್ನಲ್ಲ. ಸರಪಣಿಯ ಸತ್ಯವು ಹೀಗೆ ಇನ್ನೊಂದು ಉಪಕರಣದ ಸತ್ಯವನ್ನು ಅವಲಂಬಿಸಿತ್ತು.

2

1804ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ನನು ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ಅಳೆದನು. ಇದು ಪರಿಶೀಲನೆಯ ರೇಖೆ. ಮದರಾಸಿನಿಂದ ತ್ರಿಭುಜಗಳ ಸಾಲನ್ನು ಸುಮಾರು 200 ಮೈಲಿ ಪಶ್ಚಿಮಕ್ಕೆ ತಂದು ಗಣಿಸಿದ ಉದ್ದವನ್ನು ನೆಲದ ಮೇಲೆ ಅಳೆದ ಉದ್ದದೊಡನೆ ಹೋಲಿಸುವುದು ಅದರ ಉದ್ದೇಶ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ, ಏಳು ಮೈಲಿಯ ರೇಖೆಯನ್ನು ಸಮುದ್ರಮಟ್ಟಕ್ಕೆ ಇಳಿಸಿದಾಗ ಐದು ಅಡಿಗೂ ಹೆಚ್ಚು ಕಳೆಯಬೇಕಾಗುತ್ತದೆ. ಇಂತಹ ಸಂಸ್ಕಾರಗಳೆಲ್ಲ ಮುಗಿದ ಮೇಲೆ, ಏಳು ಮೈಲಿಗೂ ಮೀರಿದ ಆ ರೇಖೆಯಲ್ಲಿ ಉಳಿದ ಅಂತರ 3.7 ಅಂಗುಲ, ಅಂದರೆ ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ.

ಈ 3.7 ಅಂಗುಲವನ್ನು ಲ್ಯಾಂಬ್ಟನ್ನನ ನಿಖರತೆಗೆ ಪ್ರಮಾಣಪತ್ರವೆಂದು ಉಲ್ಲೇಖಿಸುವುದು ರೂಢಿ. ಅದು ಏನನ್ನು ಸಿದ್ಧಪಡಿಸುತ್ತದೆ, ಏನನ್ನು ಸಿದ್ಧಪಡಿಸುವುದಿಲ್ಲ ಎಂಬುದನ್ನು ಬೇರ್ಪಡಿಸಿ ನೋಡಬೇಕು. ಕೋನಗಳಲ್ಲಿ ದೊಡ್ಡ ದೋಷ ಉಳಿದಿಲ್ಲವೆಂಬುದಕ್ಕೂ, ಎರಡು ರೇಖೆಗಳನ್ನು ಅಳೆದ ಕೈಗಳು ಒಂದೇ ಬಗೆಯ ಎಚ್ಚರ ವಹಿಸಿದ್ದವೆಂಬುದಕ್ಕೂ ಅದು ಸಾಕ್ಷಿ. ಆದರೆ ಎರಡೂ ರೇಖೆಗಳ ಮೂಲಪ್ರಮಾಣ ಒಂದೇ. ಆ ಪ್ರಮಾಣದಲ್ಲಿಯೇ ದೋಷವಿದ್ದಿದ್ದರೆ ಎರಡು ಅಳತೆಗಳೂ ಸಮನಾಗಿ ತಪ್ಪುತ್ತಿದ್ದವು, ತಾಳೆ ಮಾತ್ರ ಕೆಡುತ್ತಿರಲಿಲ್ಲ. ಗ್ರಂಥಸಂಪಾದನೆಯ ಅನುಭವವುಳ್ಳವರಿಗೆ ಈ ತರ್ಕ ಹೊಸದಲ್ಲ: ಒಂದೇ ಮಾತೃಕೆಯಿಂದ ಇಳಿದ ಹತ್ತು ಓಲೆಪ್ರತಿಗಳು ಒಂದೇ ಪಾಠವನ್ನು ಹೇಳಿದರೂ ಸಾಕ್ಷಿಯ ಸಂಖ್ಯೆ ಒಂದೇ.

ಕೋನಗಳನ್ನು ಅಳೆದ ಉಪಕರಣವೂ ಸಂಶಯಾತೀತವಾಗಿ ಉಳಿಯಲಿಲ್ಲ. 1808ರಲ್ಲಿ ಅರ್ಧ ಟನ್ ತೂಕದ ಥಿಯೊಡೊಲೈಟನ್ನು ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು, ಅದು ಗೋಡೆಗೆ ಅಪ್ಪಳಿಸಿ ಅದರ ವೃತ್ತವು ಸೊಟ್ಟಗಾಯಿತು. ಲ್ಯಾಂಬ್ಟನ್ನನು ಸುಮಾರು ಆರು ವಾರ ಡೇರೆಯೊಳಗೆ ಕುಳಿತು ಅದನ್ನು ಸ್ವಲ್ಪಸ್ವಲ್ಪವಾಗಿ ಎಳೆದು ಮೊದಲಿನ ಆಕಾರಕ್ಕೆ ತಂದನು. ಮುಂದಿನ ಕೆಲಸಕ್ಕೂ ಅದೇ ಉಪಕರಣ ಬಳಕೆಯಾಯಿತು. ಹೀಗಾಗಿ 1815ರಲ್ಲಿ ಬೀದರಿನಲ್ಲಿ ಅಳೆದಂತಹ ನಂತರದ ಆಧಾರರೇಖೆಗಳು ದುರಸ್ತಿಗೊಂಡ ಉಪಕರಣದ ಪರೀಕ್ಷೆಯೂ ಆದವು.

3

ಸ್ವತಂತ್ರವಾದ ಸಾಕ್ಷಿಯು ಒದಗಿದ್ದು ಜಾರ್ಜ್ ಎವರೆಸ್ಟನ ಕಾಲದಲ್ಲಿ. 1830ರಲ್ಲಿ ಆತನು ತಂದ ಕೋಲ್ಬಿಯ ದಂಡಗಳಲ್ಲಿ ಸರಪಣಿಯೇ ಇರಲಿಲ್ಲ. ಹತ್ತಡಿಯ ಉಪಕರಣದಲ್ಲಿ ಕಬ್ಬಿಣ ಮತ್ತು ಹಿತ್ತಾಳೆಯ ಜೋಡಿದಂಡಗಳು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದಲೇ ತುದಿಗಳ ಗುರುತುಗಳ ನಡುವಣ ದೂರ ಸ್ಥಿರವಾಗಿರುವಂತೆ ಜೋಡಣೆ ಇತ್ತು. ವ್ಯವಹಾರದಲ್ಲಿ ಇದೂ ಪೂರ್ಣವಾಗಲಿಲ್ಲ. ಎರಡು ಲೋಹಗಳು ಒಂದೇ ವೇಗದಲ್ಲಿ ಕಾಯುವುದಿಲ್ಲ, ಆರುವುದಿಲ್ಲ. ಆದಕಾರಣ ದಂಡಗಳನ್ನು ಕಬ್ಬಿಣದ ಪ್ರಮಾಣದಂಡದೊಡನೆ ಸೂಕ್ಷ್ಮದರ್ಶಕದ ಕೆಳಗೆ ಮತ್ತೆಮತ್ತೆ ಹೋಲಿಸುವುದು ಅನಿವಾರ್ಯವಾಯಿತು. 1841ರಲ್ಲಿ ಬೀದರಿನ ಆಧಾರರೇಖೆಯನ್ನು ಆಂಡ್ರ್ಯೂ ವಾ ಈ ದಂಡಗಳಿಂದ ಅಳೆದಾಗ, ಉತ್ತರದಿಂದ ಗಣಿಸಿ ತಂದ ಉದ್ದಕ್ಕೂ ಅದಕ್ಕೂ ನಾಲ್ಕು ಅಂಗುಲಕ್ಕಿಂತ ತುಸು ಹೆಚ್ಚು ಅಂತರ ಕಂಡಿತು. ಇದೇ ಪದ್ಧತಿಯಿಂದ 1868ರಲ್ಲಿ ಬೆಂಗಳೂರಿನಲ್ಲಿಯೂ ಹೊಸದಾಗಿ ರೇಖೆಯನ್ನು ಅಳೆಯಲಾಯಿತು. ಅಲ್ಲಿಗೆ ಬೆಂಗಳೂರಿನ ನೆಲ ಮೂರು ಬಾರಿ ಆಧಾರರೇಖೆಗೆ ಎಡೆಯಾಗಿತ್ತು.

ಈ ಪರೀಕ್ಷೆಗಳ ಚರಿತ್ರೆಯಲ್ಲಿ ಭಾರತೀಯರ ಹೆಸರುಗಳು ವಿರಳ. ತೊಟ್ಟಿಗಳನ್ನು ಹೊತ್ತ, ಬಾವುಟಗಳನ್ನು ಹಿಡಿದು ನಿಂತ ಖಲಾಸಿಗಳು ಬಹುಮಟ್ಟಿಗೆ ಅನಾಮಧೇಯರು. ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ಗಮನಾರ್ಹ ಅಪವಾದ. ಎವರೆಸ್ಟನ ಥಿಯೊಡೊಲೈಟುಗಳನ್ನು ದುರಸ್ತಿ ಮಾಡಿ ಸರಿಗೂಡಿಸಿದ ಆತನು 1843ರಲ್ಲಿ ಇಲಾಖೆಯ ಉಪಕರಣ ತಯಾರಕನ ಹುದ್ದೆಗೇರಿದನು.

ಒಟ್ಟಿನಲ್ಲಿ, ಈ ಸರ್ವೇಕ್ಷಣೆಯ ನಿಖರತೆಯು ಯಾವೊಂದು ಉಪಕರಣದ ಗುಣವೂ ಆಗಿರಲಿಲ್ಲ. ಉಪಕರಣವನ್ನು ನಂಬದೆ ಇನ್ನೊಂದರೊಡನೆ ತಾಳೆ ನೋಡಿದ, ತಾಳೆಯಾಗದೆ ಉಳಿದ ಅಂಗುಲಗಳನ್ನು ಅಳಿಸದೆ ಬರೆದಿಟ್ಟ ಪದ್ಧತಿಯ ಫಲ ಅದು. ಸರ್ವೇಕ್ಷಣ ಇಲಾಖೆಯ ಹಳೆಯ ದಾಖಲೆಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಕೈಫಿಯತ್ತುಗಳನ್ನು ಓದುವ ಕನ್ನಡ ಸಂಶೋಧಕರು ಅಲ್ಲಿನ ಕ್ಷೇತ್ರಪುಸ್ತಕಗಳನ್ನೂ ಅದೇ ಪಾಠಪರೀಕ್ಷಕ ದೃಷ್ಟಿಯಿಂದ ಓದಿದಲ್ಲಿ, ಮೈಸೂರು ಸೀಮೆಯ ನೆಲ ಅಂಕಿಗಳಾಗಿ ಮಾರ್ಪಟ್ಟ ಬಗೆ ಇನ್ನಷ್ಟು ಸ್ಪಷ್ಟವಾದೀತು.