ಎದುರಾಳಿಗೂ ಕೊಟ್ಟ ನಕ್ಷೆ

ಹೈಸ್ಕೂಲಿನ ರೋಬಾಟ್ ತಂಡವೊಂದು ರಜೆಯಲ್ಲಿ ಕೂತು, ಸೆನ್ಸರ್‌ಗಳನ್ನು ಓದುವ ಪುಟ್ಟ ಸರ್ಕ್ಯೂಟ್ ಬೋರ್ಡೊಂದನ್ನು ವಿನ್ಯಾಸ ಮಾಡಿತು ಎನ್ನೋಣ. ಜನವರಿಯಲ್ಲಿ ಶುರುವಾಗುವ ಸ್ಪರ್ಧೆಗೆ ಅದನ್ನು ಬಳಸಬಹುದೇ? ಅಮೆರಿಕದ ಫಸ್ಟ್ ರೊಬಾಟಿಕ್ಸ್ ಸ್ಪರ್ಧೆಯ ನಿಯಮಾವಳಿಯ ಉತ್ತರ ಹೀಗಿದೆ: ಬಳಸಬಹುದು, ಆದರೆ ನಕ್ಷೆಯನ್ನು ಮೊದಲು ಎದುರಾಳಿಗಳಿಗೂ ಕೊಡಬೇಕು.

ಸಂಶೋಧಕ ಡೀನ್ ಕೇಮನ್ ಫಸ್ಟ್ ಸಂಸ್ಥೆಯನ್ನು ಕಟ್ಟಿದ್ದು 1989ರಲ್ಲಿ. 1992ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್ ಊರಿನ ಶಾಲೆಯೊಂದರ ವ್ಯಾಯಾಮಶಾಲೆಯಲ್ಲಿ 28 ತಂಡಗಳ ಮೊದಲ ಪಂದ್ಯಾಟ ನಡೆಯಿತು. ವರ್ಷ ವರ್ಷವೂ ಆಟ ಹೊಸದು. ಅದು ಏನೆಂದು ಎಲ್ಲರಿಗೂ ಒಂದೇ ದಿನ ತಿಳಿಯುತ್ತದೆ. ಗಡಿಯಾರ ಎಲ್ಲರಿಗೂ ಒಟ್ಟಿಗೆ ಓಡಬೇಕೆಂಬುದು ಆಶಯ. ಆದ್ದರಿಂದ ಆ ದಿನಕ್ಕೆ ಮುಂಚೆ ಗುಟ್ಟಾಗಿ ತಯಾರಾದದ್ದು ಅನ್ಯಾಯವೆನಿಸಿತು.

ಆದರೆ ಕಲಿತದ್ದನ್ನು ಮರೆಯಿರಿ ಎಂದು ಮಕ್ಕಳಿಗೆ ಹೇಳುವುದು ಹೇಗೆ? ನಿಯಮ ಒಂದು ದಾರಿ ಹುಡುಕಿತು. ಹಳೆಯ ವಿನ್ಯಾಸ, ಹಳೆಯ ಸಾಫ್ಟ್‌ವೇರ್ ಬಳಸಬೇಕಿದ್ದರೆ ಅದರ ಮೂಲ ಕಡತಗಳು ಆಟ ಪ್ರಕಟವಾಗುವ ಮೊದಲೇ ಸಾರ್ವಜನಿಕವಾಗಿರಬೇಕು. ಬೋರ್ಡಿನ ಫೋಟೊ ಹಾಕಿದರೆ ಸಾಲದು; ಬೇರೊಬ್ಬರು ಅದನ್ನು ನೋಡಿ ಮಾಡಿಕೊಳ್ಳುವಷ್ಟು ವಿವರ ಬೇಕು. ಎಂಐಟಿಯ ಪ್ರಾಧ್ಯಾಪಕ ವುಡಿ ಫ್ಲವರ್ಸ್ ಈ ಸ್ಪರ್ಧೆಯಲ್ಲಿ ಬೆಳೆಸಿದ ಸೌಜನ್ಯದ ಪಾಠ ಇಲ್ಲಿ ಕಟ್ಟಳೆಯಾಯಿತು.

ವಿದ್ಯುತ್ತಿನ ವಿಷಯದಲ್ಲಿ ಸಡಿಲಿಕೆಗೆ ಮಿತಿಯೂ ಇದೆ. ವಿದ್ಯಾರ್ಥಿಗಳ ಬೋರ್ಡು ಸೆನ್ಸರ್ ಓದಬಹುದು, ದೀಪ ಉರಿಸಬಹುದು. ಆದರೆ ಚಾಲನೆಯ ಮೋಟಾರಿಗೆ ವಿದ್ಯುತ್ ಹರಿಸುವ ಕೆಲಸ ಒಪ್ಪಿತ ಕಂಟ್ರೋಲರ್‌ಗಳದ್ದೇ. 2015ರಲ್ಲಿ ಬಂದ ರೋಬೊರಿಯೊ ಎಂಬ ಅಧಿಕೃತ ನಿಯಂತ್ರಕದ ಮೇಲೆ, ಹೊರಗಿನ ಬೋರ್ಡನ್ನು ನೇರವಾಗಿ ಸಿಕ್ಕಿಸಲು ಒಂದು ಪೋರ್ಟ್ ಇತ್ತು. ರೋಬಾಟ್ ಯಾವ ಕಡೆ ತಿರುಗಿದೆ ಎಂದು ಅಳೆಯುವ ನ್ಯಾವ್‌ಎಕ್ಸ್ ಬೋರ್ಡ್ ಅಲ್ಲಿಯೇ ಕೂರುತ್ತಿತ್ತು. ಅದು ಅಂಗಡಿ ಸರಕು. ಆದರೂ ತಯಾರಕರು ಅದರ ಸರ್ಕ್ಯೂಟ್ ನಕ್ಷೆಯನ್ನೂ ಒಳಗಿನ ಪ್ರೋಗ್ರಾಮನ್ನೂ ಬಹಿರಂಗವಾಗಿಟ್ಟರು.

ನಕ್ಷೆ ಎಲ್ಲರ ಕೈಗೆ ಬಂದಮಾತ್ರಕ್ಕೆ ಎಲ್ಲರೂ ಸಮಾನರಾಗುವುದಿಲ್ಲ. ಬೋರ್ಡ್ ಮಾಡಿಸಲು ಹಣ ಬೇಕು, ಬೆಸುಗೆ ಹಾಕಲು ಪಳಗಿದ ಕೈ ಬೇಕು, ಕೆಟ್ಟಾಗ ದೋಷ ಹುಡುಕಿಕೊಡುವ ಹಿರಿಯರೊಬ್ಬರು ಬೇಕು. ಇವನ್ನು ಯಾವ ನಿಯಮವೂ ಹಂಚಲಾರದು.

ಆದರೂ ನಿಯಮದಲ್ಲಿ ಇನ್ನೊಂದು ಮರ್ಮವಿದೆ. ನಕ್ಷೆ ಹಳೆಯದಾದರೂ ವಸ್ತು ಸಾಮಾನ್ಯವಾಗಿ ಹೊಸದೇ ಆಗಿರಬೇಕು. ಸ್ವತಃ ವಿನ್ಯಾಸಕಾರ ತಂಡವೂ ಜನವರಿಯ ನಂತರ ಬೋರ್ಡನ್ನು ಮತ್ತೆ ಮಾಡಬೇಕು. ಅಷ್ಟರಲ್ಲಿ ಅದನ್ನು ರೂಪಿಸಿದ ಹುಡುಗಿ ಶಾಲೆ ಮುಗಿಸಿ ಕಾಲೇಜಿಗೆ ಹೋಗಿರಬಹುದು. ಆಗ ಅವಳ ಕಿರಿಯರೂ ದೂರದೂರಿನ ಎದುರಾಳಿಗಳಂತೆ ಅದೇ ಕಡತವನ್ನು ತೆರೆದು ಕೂರಬೇಕು. ಅವಳು ಬೇರೆಯವರಿಗೆಂದು ಬಿಡಿಸಿ ಬರೆದದ್ದೇ ಅವರ ನೆರವಿಗೆ ಬರುತ್ತದೆ.